ನಮ್ಮ ಮನೆಯವರು ಇಟ್ಟ ಹವಳದ ದಿಬ್ಬ

ನಮ್ಮ ಮನೆಯವರು ಸಮುದ್ರವನ್ನು ಮೊದಲ ಸಲ ನೋಡಿದಾಗ ಅವರಿಗೆ ಮೂವತ್ತೊಂಬತ್ತು ವರ್ಷ. ಆ ಹೊತ್ತಿಗೆ ಹದಿನೈದು ವರ್ಷಗಳಿಂದ ಅವರು ಸಮುದ್ರವನ್ನು ಬರೆಯುತ್ತಿದ್ದರು. ದಂಡೆಗೆ ಎಷ್ಟು ನೀಲಿ, ಆಳಕ್ಕೆ ಎಷ್ಟು ನೀಲಿ, ಕೆಸರಿದ್ದರೆ ಯಾವ ಚುಕ್ಕೆ, ಬಂಡೆಯಿದ್ದರೆ ಯಾವ ಗೆರೆ ಎಂಬುದೆಲ್ಲ ಅವರ ಬೆರಳ ತುದಿಯಲ್ಲಿತ್ತು. ಆದ್ದರಿಂದ ಮರಳಿನ ಏರು ಹತ್ತಿ ನಿಂತು, ತೆಂಗಿನ ಮರಗಳ ಸಂದಿನಿಂದ ಅದು ಒಮ್ಮೆಗೇ ಕಾಣಿಸಿದಾಗ, ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ, "ಬಣ್ಣ ಸ್ವಲ್ಪ ಜಾಸ್ತಿ ಆಯ್ತು," ಎಂದರು.

ನಾವು ಅಲ್ಲಿಗೆ ಹೋದದ್ದು ಗಾಳಿ ಸೇವನೆಗಲ್ಲ. ಅವರ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು ಆ ನೀಲಿಯೊಳಗೆ ಎಲ್ಲೋ ಇತ್ತು. ಅದನ್ನು ತಿಳಿಯಬೇಕಾದರೆ ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು. ತಪ್ಪಿನಲ್ಲಿ ನನ್ನದೂ ಒಂದು ಪಾಲಿದೆ.

ಅವರು ನಕ್ಷೆ ಕಚೇರಿಯಲ್ಲಿ ನಕ್ಷೆ ಬರೆಯುವವರು. ನಕ್ಷೆ ಕಚೇರಿಯೆಂದರೆ ಉದ್ದನೆಯ ಒಂದು ಹಜಾರ, ಅದರಲ್ಲಿ ಇಳಿಜಾರು ಮೇಜುಗಳ ಎರಡು ಸಾಲು, ಒಂದೊಂದು ಮೇಜಿಗೂ ಬಗ್ಗಿದ ಒಬ್ಬೊಬ್ಬ ಮನುಷ್ಯ. ಅಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಕೆಮ್ಮು ಬಂದವರು ಪೆನ್ನು ಕೆಳಗಿಟ್ಟು, ವರಾಂಡಕ್ಕೆ ಹೋಗಿ ಕೆಮ್ಮಿ ಬರಬೇಕೆಂದು ನಿಯಮ. ಒಂದು ಕೆಮ್ಮಿಗೆ ಒಂದು ನದಿ ದಿಕ್ಕು ಬದಲಿಸಬಹುದಲ್ಲ. ಒಂದು ಹಾಳೆ ಮುಗಿಯಲು ಐದು ತಿಂಗಳು ಹಿಡಿಯುತ್ತಿತ್ತು. ಹಾಳೆ ಕೆಟ್ಟರೆ ಮೊದಲಿನಿಂದ ಬರೆಯಬೇಕು. ಬ್ಲೇಡಿನಿಂದ ಕೆರೆದರೆ ಗುರುತು ಉಳಿದು ಮರ್ಯಾದೆ ಹೋಗುತ್ತದೆ.

ಮದುವೆಯಾಗಿ ಮೂರು ತಿಂಗಳಾಗಿತ್ತು. ಅವರು ಕನ್ನಡಕ ಮನೆಯಲ್ಲೇ ಮರೆತು ಹೋಗಿದ್ದರು. ಕೊಟ್ಟುಬರಲು ನಾನು ಹೋದೆ. ಅಕ್ಕಪಕ್ಕದ ಮೇಜಿನವರೆಲ್ಲ ತಲೆ ಎತ್ತಿ ನೋಡಿ, ಕುರ್ಚಿ ಕೊಟ್ಟು, ಮತ್ತೆ ತಲೆ ಬಗ್ಗಿಸಿದರು. ಹೊಸ ಹೆಂಡತಿ ಪಕ್ಕದಲ್ಲಿ ಕೂತಿದ್ದಾಳೆ. ಗಂಡನಾದವನು ಸುಮ್ಮನೆ ಹೇಗಿರುತ್ತಾನೆ?

"ಕನ್ನಡಕ ಇಲ್ದೇನೂ ಬರೀತೀನಿ ನಾನು. ಹಾಳೆ ಕೂಡ ನೋಡಬೇಕಾಗಿಲ್ಲ, ನೋಡ್ತಿರು," ಎಂದು ನನ್ನ ಮುಖವನ್ನೇ ನೋಡುತ್ತ ಸಮುದ್ರ ದಂಡೆಯನ್ನು ಎಳೆದರು.

ದಂಡೆ ಚೆನ್ನಾಗಿಯೇ ಬಂತು. ಆದರೆ ಪೆನ್ನಿನ ಮೂತಿಯಿಂದ ಒಂದು ಹನಿ ಶಾಯಿ ಇಳಿದು, ದಂಡೆಯಿಂದ ಒಂದು ಬೆರಳಿನಾಚೆ ಸಮುದ್ರದ ಮೇಲೆ ಕೂತಿತು. ಹೆಸರುಕಾಳಿನಷ್ಟು ಇತ್ತು. ನಕ್ಷೆಯ ಲೆಕ್ಕದಲ್ಲಿ ಅರ್ಧ ಮೈಲಿ.

ನಾಲ್ಕೂ ಮುಕ್ಕಾಲು ತಿಂಗಳ ಹಾಳೆ ಅದು. ಅವರ ಮುಖ ಬಿಳಿಚಿಹೋಯಿತು. ನಾನು ಗಾಬರಿಯಿಂದ ಸೆರಗಿನ ತುದಿ ಮುಂದೆ ಮಾಡಿದೆ. ಅವರು ನನ್ನ ಕೈ ತಡೆದು, ಮೇಜಿನ ಖಾನೆಯಿಂದ ಸಂಕೇತಗಳ ಪುಸ್ತಕ ತೆಗೆದರು. ಸಮುದ್ರದಲ್ಲಿ ಕಪ್ಪಗೆ ಏನೇನಿರಬಹುದು ಎಂದು ನೋಡುತ್ತಾ ಹೋದರು. ಬಂಡೆಯಾದರೆ ಆಳದ ಅಂಕಿ ಹಾಕಬೇಕು. ಮುಳುಗಿದ ಹಡಗಾದರೆ ಹಡಗಿನ ಹೆಸರು ಬರೆಯಬೇಕು. ಹವಳದ ದಿಬ್ಬಕ್ಕೆ ಮಾತ್ರ ಏನೂ ಬೇಡ. ಸುತ್ತ ಸಣ್ಣ ಕತ್ತರಿ ಗುರುತುಗಳನ್ನು ಹಾಕಿದರೆ ಸಾಕು. ಹಾಕಿದರು. ಹದಿನಾಲ್ಕು ಕತ್ತರಿ ಗುರುತು. ನಾನೇ ಎಣಿಸಿದ್ದೇನೆ.

ಹಾಳೆ ಆಗಿನ ಸಾಹೇಬರ ಬಳಿಗೆ ಹೋಯಿತು, ಸಹಿಯಾಗಿ ಬಂತು, ಅಚ್ಚಾಯಿತು. ಆ ಕಚೇರಿಯಲ್ಲಿ ನಕ್ಷೆಗೆ ಏನನ್ನಾದರೂ ಸೇರಿಸಲು ಒಂದು ಸಹಿ ಸಾಕು. ತೆಗೆಯಲು ಮೂರು ಸಹಿ, ಒಂದು ವಿಚಾರಣೆ. ಹಾಗಾಗಿ ಮುಂದಿನ ನಕ್ಷೆಗಳನ್ನೆಲ್ಲ ಇದನ್ನೇ ನೋಡಿ ಬರೆದರು. ಹೆಸರುಕಾಳು ಒಂದು ನಕ್ಷೆಯಿಂದ ಇನ್ನೊಂದಕ್ಕೆ ದಾಟುತ್ತಾ ಬೇರೂರಿತು.

ಹತ್ತು ವರ್ಷ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಬಂದದ್ದು ಪಕ್ಕದ ಮನೆಯಿಂದ. ಪಕ್ಕದ ಮನೆಯಲ್ಲಿ ನಿವೃತ್ತರಾದ ಹೆಡ್‌ಮಾಸ್ತರರಿದ್ದರು. ನಮ್ಮ ಬೀದಿಯ ವಾಚನಾಲಯಕ್ಕೆ ಅವರೇ ಕಾರ್ಯದರ್ಶಿ. ಒಂದು ದಿನ ಅವರು ವಾಚನಾಲಯದ ಗೋಡೆಗೆ ಹೊಸ ನಕ್ಷೆಯೊಂದನ್ನು ತೂಗುಹಾಕಿ, ದಾರಿಯಲ್ಲಿ ಹೋಗುತ್ತಿದ್ದ ನಮ್ಮ ಮನೆಯವರನ್ನು ಒಳಗೆ ಕರೆದರು. ಅವರ ಬೆತ್ತದ ತುದಿ ನೇರವಾಗಿ ಆ ಹೆಸರುಕಾಳಿನ ಮೇಲೆ ಹೋಗಿ ನಿಂತಿತು.

"ಈ ಹವಳದ ದಿಬ್ಬವನ್ನು ಬರೆದವರು ತಾವೇ ಏನು?"

"ಹೌದು ಮೇಷ್ಟ್ರೇ."

"ಈ ಕರಾವಳಿಯ ಉದ್ದಕ್ಕೂ ಬೇರೆ ಎಲ್ಲಿಯೂ ಹವಳವಿಲ್ಲ. ಇಲ್ಲಿ ಮಾತ್ರ ಇರುವುದು ಹೇಗೆ?"

"ಅದು... ಹಾಗೇ ಬಂತು."

"ತಾವು ಇದನ್ನು ಕಣ್ಣಾರೆ ಕಂಡಿದ್ದೀರೋ?"

ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪೇಪರು ಓದುತ್ತಿದ್ದ ನಾಲ್ಕು ಜನ ಅಷ್ಟರಲ್ಲಿ ಪೇಪರು ಕೆಳಗಿಳಿಸಿದ್ದರು.

"ಬಹಳ ಹತ್ತಿರದಿಂದ," ಎಂದರು ನಮ್ಮ ಮನೆಯವರು. ಅದು ಸುಳ್ಳೂ ಅಲ್ಲ. ಒಂದು ಗೇಣು ದೂರದಲ್ಲಿತ್ತು.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಮಾರನೆಯ ದಿನದಿಂದ ಅವರ ಹೆಸರು 'ಹವಳದವರು' ಎಂದಾಯಿತು. ಹಾಲಿನವಳು, "ಹವಳದವರ ಮನೆಗೆ ಇವತ್ತು ಅರ್ಧ ಲೀಟರ್ ಜಾಸ್ತಿ," ಎಂದು ತಾನಾಗಿಯೇ ಸುರಿದು ಹೋದಳು. ಎದುರುಮನೆಯ ದರ್ಜಿ ತನ್ನ ಮಗಳ ಮದುವೆಗೆ ಎರಡೆಳೆ ಹವಳದ ಸರ ಬೇಕೆಂದ. ನನ್ನ ದೊಡ್ಡ ನಾದಿನಿಯಂತೂ ಎರಡು ಬಸ್ಸು ಬದಲಿಸಿ ಬಂದರು.

"ಏನೋ, ಹವಳ ಕಂಡುಹಿಡಿದಿದ್ದೀಯಂತೆ. ಒಡಹುಟ್ಟಿದ ಅಕ್ಕನಿಗೆ ಹೇಳಬೇಕು ಅಂತ ಅನ್ನಿಸಲಿಲ್ವಾ?"

"ಅಕ್ಕ, ಅದು ಒಡವೆ ಹವಳ ಅಲ್ಲ ಕಣೇ. ನೀರೊಳಗಿನ ಬಂಡೆ ಥರ ಇರುತ್ತೆ."

"ಬಂಡೆಯಷ್ಟು ಇದೆ ಅನ್ನು. ನಾನೇನು ಬಂಡೆ ಕೇಳಿದ್ನಾ? ಎರಡು ಬಳೆಗಾಗುವಷ್ಟು ಕೇಳಿದೆ. ಕೆಂಪಗಿರೋದು ನೋಡಿ ತಗೊಂಡು ಬಾ, ಸೊಟ್ಟಗಿರೋದು ಬೇಡ."

ಮೇಷ್ಟ್ರು ಅಷ್ಟಕ್ಕೆ ಬಿಡಲಿಲ್ಲ. ಭಾನುವಾರ ಬೆಳಗ್ಗೆ ವಾಚನಾಲಯದಲ್ಲಿ 'ಹವಳದ ಲೋಕ' ಎಂಬ ಉಪನ್ಯಾಸ ಏರ್ಪಡಿಸಿ ಗೋಡೆಗೆ ಚೀಟಿ ಹಚ್ಚಿದರು. ನಮ್ಮ ಮನೆಯವರು ವಿಶ್ವಕೋಶದ ಒಂದು ಸಂಪುಟವನ್ನು ಮನೆಗೆ ತಂದು, ಒಂದು ವಾರ ಅದರ ಮೇಲೆ ಬಗ್ಗಿದರು. ನನ್ನನ್ನು ಕೂರಿಸಿಕೊಂಡು ಪಾಠ ಒಪ್ಪಿಸಿದರು. ಭಾನುವಾರ ಎದ್ದು ನಿಂತು, ಭಯಕ್ಕೆ ಕಣ್ಣು ಮುಚ್ಚಿಕೊಂಡು, ಮುಕ್ಕಾಲು ಗಂಟೆ ಮಾತಾಡಿದರು. ಕಣ್ಣು ಮುಚ್ಚಿದ್ದು ಜನಕ್ಕೆ ಧ್ಯಾನದಂತೆ ಕಂಡಿತು. "ಆ ನೀರಿನ ಕೆಳಗೆ ಒಂದು ತೋಟವೇ ಇದೆ" ಎಂದಾಗ ದರ್ಜಿ ಕಣ್ಣೊರೆಸಿಕೊಂಡ.

ಚಪ್ಪಾಳೆಗೆ ಕಣ್ಣು ತೆರೆದರೆ, ಕೊನೆಯ ಬೆಂಚಿನಲ್ಲಿ ಅವರ ಕಚೇರಿಯ ದೊಡ್ಡ ಸಾಹೇಬರು ಕೂತಿದ್ದರು.

ಸಾಹೇಬರು ಆ ವರ್ಷವೇ ವರ್ಗವಾಗಿ ಬಂದವರು. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಹೆಂಡತಿ ತೀರಿಕೊಂಡಿದ್ದರು. ಕಚೇರಿಯಲ್ಲಿ ಅವರು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಈಗ ನೇರವಾಗಿ ಬಂದು ನಮ್ಮ ಮನೆಯವರ ಎರಡೂ ಕೈ ಹಿಡಿದುಕೊಂಡರು.

"ನಮ್ಮಲ್ಲೇ ಇಂಥವರು ಇದ್ದೀರಿ ಅಂತ ನಂಗೆ ಗೊತ್ತೇ ಇರಲಿಲ್ಲ. ನನಗೆ ಚಿಕ್ಕಂದಿನಿಂದ ಹವಳದ ದಿಬ್ಬ ನೋಡೋ ಆಸೆ. ಮುವ್ವತ್ತು ವರ್ಷ ಸಮುದ್ರದ ನಕ್ಷೆಗಳಿಗೆ ಸಹಿ ಹಾಕಿದ್ದೀನಿ, ಒಂದು ಸಲನೂ ಸಮುದ್ರಕ್ಕೆ ಇಳಿದಿಲ್ಲ. ಮುಂದಿನ ತಿಂಗಳು ತನಿಖೆ ಅಂತ ಹಾಕ್ತೀನಿ. ನೀವೇ ಕರ್ಕೊಂಡು ಹೋಗಿ ತೋರಿಸಬೇಕು."

"ಸಾರ್, ಅದು ನಿಜವಾಗಿ ಅಷ್ಟು ದೊಡ್ಡದೇನಲ್ಲ," ಎಂದರು ನಮ್ಮ ಮನೆಯವರು.

"ದೊಡ್ಡವರು ಯಾವಾಗಲೂ ಹಾಗೇ ಹೇಳೋದು."

"ಸಾರ್, ಅದು ಇದೆಯೋ ಇಲ್ಲವೋ..."

"ಇಷ್ಟು ವರ್ಷದಲ್ಲಿ ಬೆಳೆದಿರಲೂಬಹುದು, ನಿಜ. ನೋಡೋಣ," ಎಂದ ಸಾಹೇಬರು ನನ್ನ ಕಡೆ ತಿರುಗಿದರು. "ನೀವೂ ಬನ್ನಿಮ್ಮಾ. ಮುಂದೆ ಯಾವಾಗಲಾದರೂ ಕರ್ಕೊಂಡು ಹೋದರಾಯ್ತು ಅಂತ ನಾನೂ ಹೇಳ್ತಾನೇ ಇದ್ದೆ ನಮ್ಮ ಮನೆಯವಳಿಗೆ." ಅಷ್ಟು ಹೇಳಿ ಛತ್ರಿ ತೆಗೆದುಕೊಂಡು ಹೊರಟುಬಿಟ್ಟರು.

ಆಗಲೇ ನನಗೆ ಭಯವಾದದ್ದು. ಅಲ್ಲಿ ಏನೂ ಇಲ್ಲವೆಂದು ಗೊತ್ತಾದರೆ ಸರ್ಕಾರಿ ನಕ್ಷೆಯಲ್ಲಿ ಸುಳ್ಳು ಬರೆದವನೆಂದು ಇವರ ಕೆಲಸ ಹೋಗುತ್ತದೆ. ಮಕ್ಕಳಿಬ್ಬರೂ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದರು. "ರೀ, ಇರೋದನ್ನ ಹೇಳಿಬಿಡಿ," ಎಂದೆ. "ನಾಳೆ ಹೇಳ್ತೀನಿ ಇವಳೇ," ಎಂದರು. ಮಾರನೆಯ ದಿನ ಸಾಹೇಬರ ಕೋಣೆಗೆ ಹೋದರೆ, ಅವರು ತಾವೇ ಮಾಡಿಸಿದ ತಗಡಿನ ಡಬ್ಬ ತೋರಿಸಿದರಂತೆ. ಅದರ ತಳಕ್ಕೆ ಗಾಜು ಕೂರಿಸಿತ್ತು. ನೀರಿನ ಮೇಲಿಟ್ಟು ಇಣುಕಿದರೆ ಕೆಳಗಿನದೆಲ್ಲ ಕಾಣುತ್ತದೆ. ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ ಮನುಷ್ಯನಿಗೆ ಹೇಗೆ ಹೇಳುವುದು? ಹೇಳದೆ ಬಂದರು.

ಮಕ್ಕಳನ್ನು ನಾದಿನಿಯ ಬಳಿ ಬಿಟ್ಟು ಹೊರಟೆವು. ಮೇಷ್ಟ್ರೂ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಕಾರ್ಯದರ್ಶಿಯ ಕರ್ತವ್ಯ ಎಂದರು. ಒಂದು ಹಗಲು ರೈಲು, ಅರ್ಧ ದಿನ ಬಸ್ಸು, ಬಸ್ಸು ನಿಂತಲ್ಲಿಂದ ಎತ್ತಿನ ಗಾಡಿ, ಗಾಡಿಯ ಚಕ್ರ ಮರಳಿನಲ್ಲಿ ಹೂತಲ್ಲಿಂದ ಕಾಲ್ನಡಿಗೆ. ರೈಲಿನಲ್ಲಿ ನಮ್ಮ ಮನೆಯವರು ಇನ್ನೊಂದು ಸಲ ಪ್ರಯತ್ನಪಟ್ಟರು.

"ಸಾರ್, ನನಗೆ ಹವಳದ ವಿಷಯ ಏನೂ ಗೊತ್ತಿಲ್ಲ ಸಾರ್."

ಸಾಹೇಬರು ಮೇಷ್ಟ್ರ ಕಡೆ ತಿರುಗಿ, "ನೋಡಿದ್ರಾ?" ಎಂದರು.

"ವಿದ್ಯಾ ದದಾತಿ ವಿನಯಂ," ಎಂದರು ಮೇಷ್ಟ್ರು.

ಆ ತೀರದಲ್ಲಿ ಇದ್ದದ್ದು ಹನ್ನೊಂದು ಗುಡಿಸಲು, ದಡಕ್ಕೆಳೆದ ಏಳು ದೋಣಿ, ಅಂಗಳದಷ್ಟು ಒಣಹಾಕಿದ ಬಲೆ. ಮರಳು ಹಿಟ್ಟಿನಂತೆ ಬೆಳ್ಳಗಿತ್ತು. ಅಲ್ಲಿನ ಯಜಮಾನಿಕೆಯೆಲ್ಲ ಒಬ್ಬ ಹೆಂಗಸಿನದು. ಅವಳನ್ನು ಎಲ್ಲರೂ ದೋಣಿಯಕ್ಕ ಎನ್ನುತ್ತಿದ್ದರು. ಎತ್ತರದ ಆಳು, ದೊಡ್ಡ ಗಂಟಲು. ಅವಳ ಗಂಡ ಹುಟ್ಟು ಹಾಕುತ್ತಿದ್ದ. ಮಾತೆಲ್ಲ ಹೆಂಡತಿಗೆ ಬಿಟ್ಟುಕೊಟ್ಟಿದ್ದ. ನಾವು ಬಂದ ಕೂಡಲೇ ಅವಳು ಒಂದು ಗುಡಿಸಲು ಗುಡಿಸಿ ನನಗೆ ಕೊಟ್ಟಳು. ಅದು ಅವಳದೇ ಎಂದು ನನಗೆ ತಿಳಿದದ್ದು ಎರಡು ದಿನದ ಮೇಲೆ.

ಮಧ್ಯಾಹ್ನ ಅನ್ನ, ಮೀನು ಬಡಿಸಿದಳು. ನಮ್ಮ ಮನೆಯವರು ಮುಟ್ಟಲಿಲ್ಲ. ದಂಡೆಯಲ್ಲಿ ಕೂತು, ನೀರನ್ನು ಸಾಲ ವಸೂಲಿಗೆ ಬಂದವನನ್ನು ನೋಡುವಂತೆ ನೋಡುತ್ತಿದ್ದರು.

"ಏನಮ್ಮಾ, ನಿಮ್ಮೆಜಮಾನ್ರಿಗೆ ಹೊಟ್ಟೆ ಸರಿಯಿಲ್ವಾ?" ಎಂದು ದೋಣಿಯಕ್ಕ ನನ್ನ ಪಕ್ಕ ಕೂತಳು.

ನನಗೆ ತಡೆಯಲಾಗಲಿಲ್ಲ. ಕನ್ನಡಕದಿಂದ ಹಿಡಿದು ಡಬ್ಬದವರೆಗೆ ಎಲ್ಲ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

"ಅಯ್ಯೋ ನನ್ನಮ್ಮಾ, ಅಷ್ಟೇನಾ? ನೀವು ಹೇಳೋ ಜಾಗದಲ್ಲಿ ಬರೀ ಮರಳು. ಕಾಲಿಗೆ ಸಿಗೋದು ಏಡಿ ಮಾತ್ರ. ಆದ್ರೆ ಆ ಮೂಲೆ ದಾಟಿದ್ರೆ, ಅಗೋ ಆ ಕಪ್ಪು ಬಂಡೆ ಹಿಂದೆ, ಹವಳ ಬೇಕಾದಷ್ಟಿದೆ. ನಮ್ಮ ತಾತನ ಕಾಲದಿಂದ್ಲೂ ಇದೆ."

"ನಕ್ಷೆಯಲ್ಲಿ ಅಲ್ಲಿ ಏನೂ ಇಲ್ವಲ್ಲಾ."

"ನಕ್ಷೆ ಬರೆದೋರು ಯಾರೂ ಈ ಕಡೆ ಬಂದಿಲ್ವಲ್ಲಾ," ಎಂದಳು ದೋಣಿಯಕ್ಕ. "ನಾಳೆ ಸಾಹೇಬ್ರನ್ನ ಅಲ್ಲಿಗೇ ಕರ್ಕೊಂಡು ಹೋಗೋಣ. ನೀರಲ್ಲಿ ಯಾರಿಗೆ ಗೊತ್ತಾಗುತ್ತೆ ಎಲ್ಲಿದ್ದೀವಿ ಅಂತ? ಅವರನ್ನ ಹಿಂದುಮುಂದಾಗಿ ಕೂರಿಸೋದು ನನಗೆ ಬಿಡಿ. ಮೊದಲು ನಿಮ್ಮೆಜಮಾನ್ರಿಗೆ ಉಣ್ಣೋಕೆ ಹೇಳಿ."

ಅವರು ಉಂಡರು. ಎರಡು ಸಲ ಬಡಿಸಿಕೊಂಡರು.

ಮರುದಿನ ಬೆಳಗ್ಗೆ ದೋಣಿಯಲ್ಲಿ ಆರು ಜನ. ದೋಣಿಯಕ್ಕ ಸಾಹೇಬರನ್ನು ಹಿಂಭಾಗಕ್ಕೆ ಮುಖ ಮಾಡಿ ಕೂರಿಸಿದಳು. "ಭಾರಿ ಮನುಷ್ಯರು ಹಿಂಗೇ ಕೂರಬೇಕು ಸಾಹೇಬ್ರೇ, ಇಲ್ದಿದ್ರೆ ದೋಣಿ ಮುನಿಸ್ಕೊಳುತ್ತೆ," ಎಂದಳು. ಸಾಹೇಬರು ಸಣಕಲು, ಆದರೂ ಭಾರಿ ಎಂದದ್ದು ಅವರಿಗೆ ಹಿತವಾಯಿತು. ಮೇಷ್ಟ್ರು ಛತ್ರಿ ಬಿಚ್ಚಿ ಗಾಳಿಗೆ ದೋಣಿಯ ದಿಕ್ಕನ್ನೇ ಬದಲಿಸಿದರು. ದೋಣಿಯಕ್ಕ ಛತ್ರಿ ಕಿತ್ತುಕೊಂಡು ತನ್ನ ಕಾಲಡಿ ಇಟ್ಟಳು. "ಪಾಠ ಮಾಡೋವಾಗ ಛತ್ರಿ ಹಿಡೀತಿದ್ರಾ ಮೇಷ್ಟ್ರೇ?" ಎಂದು ಕೇಳಿದಳು. ಮೇಷ್ಟ್ರು ಇಲ್ಲ ಎಂದರು. ಅವರನ್ನು ಪ್ರಶ್ನೆ ಕೇಳಿ ಉತ್ತರ ಪಡೆದವರನ್ನು ನಾನು ಅದೇ ಮೊದಲು ನೋಡಿದ್ದು.

ಕಪ್ಪು ಬಂಡೆಯನ್ನು ಸುತ್ತಿ ಆಚೆ ಬಂದೆವು. ಅಲೆ ಸದ್ದು ನಿಂತಿತು. ದೋಣಿಯಕ್ಕ ಕೈ ಎತ್ತಿದಳು, ಅವಳ ಗಂಡ ಹುಟ್ಟು ಎತ್ತಿದ.

ಸಾಹೇಬರು ಡಬ್ಬವನ್ನು ನೀರಿಗಿಟ್ಟು ಇಣುಕಿದರು. ಬಹಳ ಹೊತ್ತು ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ತಲೆ ಎತ್ತಿ, ಯಾರ ಮುಖವನ್ನೂ ನೋಡದೆ, ಡಬ್ಬವನ್ನು ನನ್ನ ಕೈಗೆ ಕೊಟ್ಟರು. "ಮೊದಲು ನೀವು ನೋಡಿಮ್ಮಾ."

ನಾನು ನೋಡಿದ್ದನ್ನು ಇಂದಿಗೂ ಸರಿಯಾಗಿ ಹೇಳಲಾರೆ. ಒಂದು ಕಡೆ ಜಿಂಕೆಯ ಕೊಂಬುಗಳಂತೆ ಕವಲು ಕವಲು, ಇನ್ನೊಂದು ಕಡೆ ಹೂಕೋಸಿನ ರಾಶಿಯಂತೆ, ನಡುವೆ ಬೀಸಣಿಗೆಯಂತೆ ಅಲುಗುವ ನೇರಳೆ ಬಣ್ಣದ್ದೇನೋ. ಉಗುರಿನಷ್ಟು ನೀಲಿ ಮೀನುಗಳು ಒಟ್ಟಿಗೆ ತಿರುಗಿ, ಒಟ್ಟಿಗೆ ನಿಂತು, ಒಟ್ಟಿಗೆ ಓಡುತ್ತಿದ್ದವು. ನಾದಿನಿ ಹೇಳಿದ ಕೆಂಪು ಎಲ್ಲಿಯೂ ಇರಲಿಲ್ಲ. ನಮ್ಮ ಮನೆಯವರು ನನ್ನ ಕೆನ್ನೆಯ ಪಕ್ಕಕ್ಕೇ ಕೆನ್ನೆ ತಂದು ಇಣುಕಿ, "ಇದಕ್ಕೆ ಬರೀ ಕತ್ತರಿ ಗುರುತಾ?" ಎಂದು ಪಿಸುಗುಟ್ಟಿದರು.

ಅಷ್ಟರಲ್ಲಿ ಸಾಹೇಬರು ಚೀಲದಿಂದ ನಕ್ಷೆ ತೆಗೆದು ತೊಡೆಯ ಮೇಲೆ ಹರಡಿ, ಹೆಸರುಕಾಳಿನ ಪಕ್ಕ 'ಖುದ್ದಾಗಿ ನೋಡಿ ಖಚಿತಪಡಿಸಲಾಗಿದೆ' ಎಂದು ಬರೆದಿದ್ದರು. ಸಹಿಯೊಂದೇ ಬಾಕಿ. ದೋಣಿಯಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಬದುಕಿದೆವು ಎಂದುಕೊಂಡೆ ನಾನು.

ಆಗ, ಬಂದಾಗಿನಿಂದ ಒಂದು ಮಾತೂ ಆಡದಿದ್ದ ಅವಳ ಗಂಡ ಬಾಯಿ ತೆರೆದ.

"ಹೋದ ವರ್ಷ ಒಂದು ಬೋಟು ಇಲ್ಲೇ ತಳ ಹರ್ಕೊಳ್ತು. ಒಂಬತ್ತು ಜನ ಇದ್ರು. ಈ ಹವಳದ ಮೇಲೇ ಸೊಂಟದುದ್ದ ನೀರಲ್ಲಿ ನಿಂತಿದ್ರು, ನಾವು ಹೋಗೋವರೆಗೂ. ಅವರ ಹತ್ರಾನೂ ಹಿಂಗೇ ಕಾಗದ ಇತ್ತು. ಕಾಗದದಲ್ಲಿ ಇಲ್ಲಿ ಬರೀ ನೀರು ಅಂತಿತ್ತಂತೆ."

"ನಿನ್ನನ್ನ ಯಾರು ಕೇಳಿದ್ರು ಈಗ?" ಎಂದಳು ದೋಣಿಯಕ್ಕ.

ನಾನು ನಮ್ಮ ಮನೆಯವರನ್ನು ನೋಡಿದೆ. ಅವರು ದೋಣಿಯಲ್ಲಿ ಎದ್ದು ನಿಂತಿದ್ದರು. ದೋಣಿಯಲ್ಲಿ ಎದ್ದು ನಿಲ್ಲಬಾರದು; ಈಜು ಬಾರದವರಂತೂ ನಿಲ್ಲಲೇಬಾರದು.

"ಸಾರ್, ಸಹಿ ಹಾಕಬೇಡಿ."

"ಯಾಕೆ? ಕೂತ್ಕೊಳ್ಳಿ ಮೊದಲು."

"ಇದು ನಾನು ಬರೆದ ದಿಬ್ಬ ಅಲ್ಲ ಸಾರ್. ನಂದು ಆ ಕಡೆ ಇದೆ. ಅಂದ್ರೆ ಇಲ್ಲ. ಅಲ್ಲಿ ಬರೀ ಮರಳು. ಅದು ಶಾಯಿ ಸಾರ್. ಪೆನ್ನಿಂದ ಬಿದ್ದದ್ದು." ಎಂದವರೇ, ಸಾಹೇಬರ ಕೈಯಿಂದ ಪೆನ್ನು ತೆಗೆದುಕೊಂಡು, ನಿಂತೇ ತಮ್ಮ ಅಂಗೈ ಮೇಲೆ ಕರಾವಳಿ ಬರೆದು, ನಾವೀಗ ಎಲ್ಲಿದ್ದೇವೆ ಎಂದು ಚುಕ್ಕೆಯಿಟ್ಟು ತೋರಿಸಿದರು. ಆ ಚುಕ್ಕೆ ನಕ್ಷೆಯಲ್ಲಿ ಇರಲಿಲ್ಲ. ಅದಿಲ್ಲದ್ದರಿಂದಲೇ ಒಂಬತ್ತು ಜನ ನೀರಲ್ಲಿ ನಿಲ್ಲಬೇಕಾಯಿತು ಎಂದರು. ಆಮೇಲೆ ಕೂತರು, ಅಥವಾ ಬಿದ್ದರು. ಎರಡರ ನಡುವಿನದೇನೋ ಆಯಿತು. ದೋಣಿ ಎರಡು ಸಲ ಹೊಯ್ದಾಡಿತು.

ಸಾಹೇಬರು ನಕ್ಷೆ ಮಡಚಿ ಚೀಲಕ್ಕೆ ಹಾಕಿದರು. ಮರಳ ಮೇಲೆ ಇಳಿದ ಮೇಲೆ ಕೇಳಿದರು:

"ಎಷ್ಟು ವರ್ಷ ಆಯ್ತು?"

"ಹನ್ನೊಂದು ಸಾರ್."

"ಶಾಯಿ ಹೇಗೆ ಬಿತ್ತು?"

ನಮ್ಮ ಮನೆಯವರು ತಲೆ ಬಗ್ಗಿಸಿದರು. ನಾನು ಮುಂದೆ ಬಂದೆ. "ನನ್ನಿಂದ ಸಾರ್. ನನ್ನ ಮುಖ ನೋಡ್ತಾ ಬರೀತಿದ್ರು."

ಸಾಹೇಬರು ನನ್ನನ್ನು ನೋಡಿದರು, ಅವರನ್ನು ನೋಡಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ನೀವೇನಂತೀರಿ?" ಎಂದರು.

ಮೇಷ್ಟ್ರಿಗೆ ನಿಜವಾಗಿ ಪೆಟ್ಟಾಗಿತ್ತು. ಅವರೇ ಬೀದಿಗೆಲ್ಲ ಸಾರಿದವರು. "ಹಾಗಾದರೆ ಆ ಉಪನ್ಯಾಸ?" ಎಂದು ಕೇಳಿದರು.

"ಪುಸ್ತಕದ್ದು ಮೇಷ್ಟ್ರೇ."

ಮೇಷ್ಟ್ರು ಕೆಳಗೆ ಕೂತು ಚಪ್ಪಲಿಯೊಳಗಿನ ಮರಳು ಕೊಡವಿದರು. ಒಂದು ಚಪ್ಪಲಿ, ಆಮೇಲೆ ಇನ್ನೊಂದು. "ಮೂವತ್ತೆಂಟು ವರ್ಷ ಭೂಗೋಳ ಪಾಠ ಮಾಡಿದೆ," ಎಂದರು. "ಜ್ವಾಲಾಮುಖಿ, ಮರುಭೂಮಿ, ಹಿಮನದಿ. ಅಲ್ಲಿಗೆಲ್ಲ ನಾನೆಲ್ಲಿ ಹೋಗಿದ್ನಪ್ಪಾ? ಉಪನ್ಯಾಸ ಚೆನ್ನಾಗೇ ಇತ್ತು ಬಿಡಿ." ಅವರು ಆಡುಮಾತಿನಲ್ಲಿ ಮಾತಾಡಿದ್ದನ್ನು ಅದೇ ಮೊದಲು ಕೇಳಿದೆ.

ಸಾಹೇಬರು ಮರಳಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದರು. ನಿಯಮ ಪ್ರಕಾರ ಕಡತ ತೆರೆಯಬೇಕು ಎಂದರು. ಕಡತ ತೆರೆದರೆ ಇಷ್ಟು ವರ್ಷದ ನಕ್ಷೆಗಳಲ್ಲಿ ಇದಕ್ಕೆ ಸಹಿ ಹಾಕುತ್ತಾ ಬಂದ ಮೂವರು ಸಾಹೇಬರೂ ಅದರೊಳಗೆ ಬರುತ್ತಾರೆ ಎಂದರು. ಅವರಲ್ಲಿ ಒಬ್ಬರು ಈಗ ತಮಗಿಂತ ಮೇಲಿದ್ದಾರೆ ಎಂದರು. ಹೀಗೆ ಹೇಳುತ್ತಾ ಹೇಳುತ್ತಾ ಅವರ ನಡಿಗೆ ನಿಧಾನವಾಯಿತು.

"ಮೊದಲು ಇರೋ ಹವಳವನ್ನ ನಕ್ಷೆಗೆ ಹಾಕಿ. ಅದಕ್ಕೆ ನನ್ನ ಒಂದು ಸಹಿ ಸಾಕು. ನಾನು ಇಲ್ಲೇ ಇರ್ತೀನಿ."

ಮೂರು ದಿನ ಅಳತೆ ನಡೆಯಿತು. ದೋಣಿಯಕ್ಕನ ಗಂಡ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಆಳ ಹೇಳುತ್ತಿದ್ದ. ನಮ್ಮ ಮನೆಯವರು ಬರೆದುಕೊಳ್ಳುತ್ತಿದ್ದರು. ಅವರ ಸೊಂಟಕ್ಕೆ ಕಟ್ಟಿದ ಇನ್ನೊಂದು ಹಗ್ಗದ ತುದಿ ದೋಣಿಯಕ್ಕನ ಕೈಯಲ್ಲಿತ್ತು, ಬಿದ್ದರೆ ಎಳೆದುಕೊಳ್ಳಲು. ಬಿದ್ದರು, ನಾಲ್ಕು ಸಲ. ಸಾಹೇಬರು ಪ್ಯಾಂಟು ಮಡಚಿಕೊಂಡು ಡಬ್ಬದಲ್ಲಿ ಇಣುಕುತ್ತಾ ಇಡೀ ದಿನ ಕಳೆದು, ಬೆನ್ನು ಸುಟ್ಟುಕೊಂಡರು. ಮೇಷ್ಟ್ರು ಗುಡಿಸಲುಗಳ ಮಕ್ಕಳನ್ನು ಮರಳಲ್ಲಿ ಕೂರಿಸಿ ಅಕ್ಷರ ತಿದ್ದಿಸಿದರು. ನಾನು ಬಲೆ ಹೆಣೆಯುವುದನ್ನು ಕಲಿತೆ. ಕೆಟ್ಟದಾಗಿ ಕಲಿತೆ. ನಾನು ಹೆಣೆದದ್ದನ್ನು ದೋಣಿಯಕ್ಕ ಮೆಚ್ಚಿ, ನಾನು ಆ ಕಡೆ ತಿರುಗಿದಾಗ ಬಿಚ್ಚಿ, ಸರಿಮಾಡಿ ಇಡುತ್ತಿದ್ದಳು.

ದೋಣಿಯಕ್ಕನ ಗಂಡ ಕೊಟ್ಟ ಆಳವನ್ನು ಇವರು ಬರೆದು, ಅದನ್ನು ಸಾಹೇಬರು ನೋಡಿ, ಕೊನೆಗೆ ನಿಜವಾದ ಹವಳದ ದಿಬ್ಬ ನಕ್ಷೆಗೆ ಬಂತು. ಅದಕ್ಕೆ ಇವರು ಹಾಕಿದ ಕತ್ತರಿ ಗುರುತುಗಳನ್ನು ನಾನು ಎಣಿಸಲು ಹೋಗಲಿಲ್ಲ.

"ಇನ್ನು ಹಳೇದನ್ನ ಅಳಿಸೋಣ," ಎಂದರು ಸಾಹೇಬರು, ಕೊನೆಯ ದಿನ. "ಮೂರು ಸಹಿ ಬೇಕು. ಹೇಗೋ ಮಾಡಿಸ್ತೀನಿ."

ದೋಣಿಯಕ್ಕ ಅನ್ನದ ಪಾತ್ರೆ ಹಿಡಿದು ಬಂದವಳು ಅಲ್ಲೇ ನಿಂತಳು. "ಯಾವುದನ್ನ ಅಳಿಸೋದು?"

"ಈ ಸುಳ್ಳು ದಿಬ್ಬನ."

"ಯಾಕೆ? ಅದೇನು ಮಾಡ್ತು ನಿಮಗೆ?"

"ಅಲ್ಲಿ ಏನೂ ಇಲ್ವಲ್ಲಮ್ಮಾ."

"ಇಲ್ದೇ ಇದ್ರೇನು? ಕಾಗದದಲ್ಲಿ ಇದೆ ಅಂತಾನೇ ಹತ್ತು ವರ್ಷದಿಂದ ದೊಡ್ಡ ಬೋಟುಗಳು ಆ ಕಡೆ ಬರ್ತಿಲ್ಲ. ಮೊದಲು ಬಂದು ನಮ್ಮ ಬಲೆ ಎಲ್ಲ ಹರ್ಕೊಂಡು ಹೋಗೋವು. ಏನಪ್ಪಾ ಈಗ ಬರ್ತಾನೇ ಇಲ್ಲ, ದೇವರ ದಯೆ ಅಂತಿದ್ವಿ ನಾವು." ಅವಳು ನಮ್ಮ ಮನೆಯವರ ಕಡೆ ತಿರುಗಿದಳು. "ಇವರ ದಯೆ ಅಂತ ಈಗ ಗೊತ್ತಾಯ್ತು. ಅಳಿಸ್ತೀರಾದ್ರೆ ಈ ಅನ್ನ ಒಳಗೆ ಇಟ್ಟು ಬರ್ತೀನಿ."

ಸಾಹೇಬರು ಅನ್ನದ ಪಾತ್ರೆಯನ್ನು ನೋಡಿದರು. ನಮ್ಮ ಮನೆಯವರನ್ನು ನೋಡಿದರು. ನಮ್ಮ ಮನೆಯವರು ಮೆಲ್ಲನೆ ಚೀಲಕ್ಕೆ ಕೈಹಾಕಿ ಸಂಕೇತಗಳ ಪುಸ್ತಕ ತೆಗೆದರು. ಹಾಳೆ ತಿರುವಿ, ತಿರುವಿ, ಒಂದು ಕಡೆ ಬೆರಳಿಟ್ಟು ಸಾಹೇಬರ ಮುಂದೆ ಹಿಡಿದರು. ಯಾರೋ ಒಮ್ಮೆ ಕಂಡೆನೆಂದು ಹೇಳಿ, ಮತ್ತೆ ಯಾರಿಗೂ ಕಾಣದ ಬಂಡೆ ದಿಬ್ಬಗಳಿಗೆ ಒಂದು ಸಂಕೇತವಿದೆ. ಸುತ್ತ ಚುಕ್ಕೆಗೆರೆ ಎಳೆದು, 'ಇರುವುದು ಅನುಮಾನ' ಎಂದು ಬರೆಯಬೇಕು. ಹಾಗೆ ಬರೆದ ಕಡೆಗೂ ಹಡಗುಗಳು ಹೋಗುವುದಿಲ್ಲ. ಅನುಮಾನದ ಮೇಲೆ ಹಡಗು ಓಡಿಸುವ ಧೈರ್ಯ ಯಾರಿಗಿದೆ?

"ಇದಕ್ಕೂ ಒಂದೇ ಸಹಿ ಸಾರ್," ಎಂದರು ನಮ್ಮ ಮನೆಯವರು. "ಇದು ಸುಳ್ಳೂ ಅಲ್ಲ."

ಸಾಹೇಬರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಕೆಳಗಿನ ಸಣ್ಣಕ್ಷರವನ್ನೂ ಓದಿದರು. ಓದಿ, ಮೊದಲ ಬಾರಿಗೆ ನಮ್ಮೆದುರು ನಕ್ಕರು. ಅನುಮಾನವೆಂದು ಬರೆದದ್ದನ್ನು ವರ್ಷಕ್ಕೊಮ್ಮೆ ಸ್ಥಳಕ್ಕೆ ಹೋಗಿ ಪರಿಶೀಲಿಸಿ ವರದಿ ಮಾಡತಕ್ಕದ್ದು ಎಂದು ಅಲ್ಲಿತ್ತು.

"ಯಾರನ್ನ ಕಳಿಸೋದು?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಮೊಣಕಾಲ ಮೇಲೆ ಕಾಗದವಿಟ್ಟು ಬರೆದೇಬಿಟ್ಟರು. ನಕ್ಷೆ ಬರೆದವರೇ ನಿವೃತ್ತಿಯವರೆಗೆ ಪ್ರತಿ ವರ್ಷ ಹೋಗಿ ನೋಡತಕ್ಕದ್ದು. ಈಜು ಬಾರದ ಕಾರಣ ಜೊತೆಗೆ ಪತ್ನಿಯೂ ಹೋಗತಕ್ಕದ್ದು. "ನಿಮಗೆ ಈಜು ಬರುತ್ತಾ ಅಮ್ಮಾ?" ಎಂದು ನನ್ನನ್ನು ಕೇಳಿದರು.

"ಇಲ್ಲ ಸಾರ್," ಎಂದೆ.

"ಪರವಾಗಿಲ್ಲ," ಎಂದು ಸಹಿ ಹಾಕಿದರು.

ದೋಣಿಯಕ್ಕ ಅನ್ನ ಬಡಿಸಿದಳು.

ಊರಿಗೆ ಬಂದ ಮೇಲೆ ಮೇಷ್ಟ್ರು ಬೀದಿಗೆ ಏನು ಹೇಳಿದರೋ, ಯಾರೂ ಏನೂ ಕೇಳಲಿಲ್ಲ. ನಾದಿನಿ ಮಾತ್ರ ನಾವು ತಂದ ಚಿಪ್ಪುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಕೆಂಪು ಸಾಹೇಬ್ರು ತಗೊಂಡ್ರಾ?" ಎಂದರು.

ಮೂರು ವರ್ಷಕ್ಕೆ ಆ ಸಾಹೇಬರು ನಿವೃತ್ತರಾದರು. ಆದೇಶ ಹಾಗೇ ಉಳಿಯಿತು. ಆಮೇಲೆ ಬಂದ ಸಾಹೇಬರುಗಳು ಅದನ್ನು ತೆಗೆಯಲು ಎಷ್ಟು ಸಹಿ ಬೇಕೆಂದು ವಿಚಾರಿಸಿ ಸುಮ್ಮನಾದರು. ಹದಿನೆಂಟು ವರ್ಷ, ವರ್ಷಕ್ಕೊಂದು ವಾರ, ನಾವಿಬ್ಬರೂ ರೈಲು, ಬಸ್ಸು, ಗಾಡಿ ಹತ್ತಿ ಹೋದೆವು. ಮೊದಲ ದಿನ ಬೆಳಗ್ಗೆ ದೋಣಿಯಲ್ಲಿ ಆ ಜಾಗಕ್ಕೆ ಹೋಗಿ, ಮರಳನ್ನೂ ಏಡಿಗಳನ್ನೂ ನೋಡಿ, ಅಲ್ಲಿ ಏನೂ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಿದ್ದೆವು. ಉಳಿದ ಆರು ದಿನ ಕಪ್ಪು ಬಂಡೆಯ ಹಿಂದಿನ ನೀರಿನಲ್ಲಿ ಕಳೆಯುತ್ತಿದ್ದವು. ಐದನೆಯ ವರ್ಷಕ್ಕೆ ನನಗೆ ಈಜು ಬಂತು. ಅವರಿಗೆ ಕೊನೆಯವರೆಗೂ ಬರಲಿಲ್ಲ. ಸೊಂಟದ ಹಗ್ಗದ ತುದಿ ದೋಣಿಯಕ್ಕನ ಕೈಯಿಂದ ನನ್ನ ಕೈಗೆ ಬಂತು.

ಅವರು ಹೋಗಿ ಈಗ ಆರು ವರ್ಷ. ಅವರ ವರದಿಗಳು ಕಚೇರಿಯ ಕಡತದಲ್ಲಿ ಈಗಲೂ ಇವೆಯಂತೆ. ಅಂದವಾದ ಅಕ್ಷರದಲ್ಲಿ, ಪ್ರತಿಯೊಂದರಲ್ಲೂ ಅದೇ ಎರಡು ಸಾಲು: 'ಈ ವರ್ಷ ಸಮುದ್ರ ಕದಡಿದ್ದರಿಂದ ತಳ ಸ್ಪಷ್ಟವಾಗಿ ಕಾಣಲಿಲ್ಲ. ಮುಂದಿನ ವರ್ಷ ಮತ್ತೆ ನೋಡತಕ್ಕದ್ದು.'

ಹದಿನೆಂಟು ಸಲವೂ ನಾನು ಅವರ ಜೊತೆಗಿದ್ದೆ. ಒಂದು ವರ್ಷವೂ ಕದಡಿರಲಿಲ್ಲ.